ಬರೆಯದ ಪರೀಕ್ಷೆ, ಬಂದ ಫಲಿತಾಂಶ


*ಇಂದಿನ ಧಮ್ಮ ಚಿಂತನೆ*
ಆಷಾಢ ಪೂರ್ಣಿಮೆ, ಶನಿವಾರ, 24 ಜುಲೈ 2021



ಭಗವಾನರು ಬೋಧಿ ಪಡೆದ ಮೇಲೆ ಇಸಿಪತನದ ಜಿಂಕೆವನದಲ್ಲಿ ಐವರು ಹಳೆಯ ಸಂಗಾತಿಗಳನ್ನು ಕೂರಿಸಿಕೊಂಡು ಮೊದಲ ಪಾಠ ಹೇಳಿದ ದಿನ ಇವತ್ತು. ನಾಳೆಯಿಂದ ವರ್ಷಾವಾಸ. ಅದು ಹೇಗೆ ಶುರುವಾಯಿತು ಎಂಬುದು ವಿನಯಪಿಟಕದಲ್ಲಿದೆ. ಮಳೆಗಾಲದಲ್ಲಿ ಹಕ್ಕಿಗಳು ಕೂಡ ಗೂಡು ಕಟ್ಟಿಕೊಂಡು ಒಂದು ಕಡೆ ಇರುತ್ತವೆ, ಈ ಸಮಣರು ಮಾತ್ರ ಹಸಿರು ಹುಲ್ಲನ್ನೂ ಹುಳುಹುಪ್ಪಟೆಯನ್ನೂ ತುಳಿದುಕೊಂಡು ತಿರುಗುತ್ತಾರಲ್ಲ ಎಂದು ಊರ ಜನ ಆಡಿಕೊಂಡರು. ಜನ ಆಡಿದ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲುವ ನಿಯಮ ಬಂತು.

ಲಾಕ್‌ಡೌನನ್ನು ವರ್ಷಾವಾಸಕ್ಕೆ ಹೋಲಿಸಿದ ಮೆಸೇಜುಗಳು ಹೋದ ವರ್ಷದಿಂದ ನಮ್ಮ ಗುಂಪಿಗೂ ಬರುತ್ತಿವೆ. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ನನಗೆ ಆ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ವರ್ಷಾವಾಸ ಯಾವತ್ತು ಮುಗಿಯುತ್ತದೆ ಎಂದು ಭಿಕ್ಕುವಿಗೆ ಮೊದಲೇ ಗೊತ್ತು. ಅವನ ಪಾತ್ರೆಗೆ ಅನ್ನ ಹಾಕುವ ಊರು ಪಕ್ಕದಲ್ಲೇ ಇದೆ. ಒಂದು ಕಡೆ ನಿಲ್ಲುವುದನ್ನು ಅವನೇ ಒಪ್ಪಿಕೊಂಡಿದ್ದಾನೆ. ಒಂದೂವರೆ ವರ್ಷದಿಂದ ಮನೆಯಲ್ಲಿ ಕೂತ ನಮ್ಮ ಹದಿನೇಳು ಹದಿನೆಂಟರ ಮಕ್ಕಳಿಗೆ ಈ ಮೂರರಲ್ಲಿ ಒಂದಾದರೂ ಇತ್ತೇ? ಕಾಲೇಜು ಯಾವತ್ತು ತೆರೆಯುತ್ತದೆ, ಪರೀಕ್ಷೆ ಇದೆಯೋ ಇಲ್ಲವೋ, ಅಪ್ಪನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ದಿನಾ ಟಿವಿ ಮುಂದೆ ಕಾದವರು ಅವರು. ಅದನ್ನು ಸಾಧನೆ ಎಂದು ಹೊಗಳುವ ಬದಲು ಕಷ್ಟ ಎಂದೇ ಕರೆಯೋಣ. ದುಃಖವನ್ನು ದುಃಖವೆಂದು ಗುರುತಿಸುವುದು ಮೊದಲನೆಯ ಆರ್ಯಸತ್ಯ. ಅದನ್ನು ಹಾರಿ ನಾಲ್ಕನೆಯದಕ್ಕೆ ಹೋಗಲು ಬರುವುದಿಲ್ಲ.

ಈ ವಾರ ಈ ಮಾತು ಎತ್ತುವುದಕ್ಕೆ ಕಾರಣವಿದೆ. ಮಂಗಳವಾರ, 20ನೇ ತಾರೀಕು, ದ್ವಿತೀಯ ಪಿಯು ಫಲಿತಾಂಶ ಬಂತು. ಪರೀಕ್ಷೆ ರದ್ದಾಗಿದ್ದರಿಂದ ಹತ್ತನೇ ತರಗತಿಯ ಅಂಕಕ್ಕೆ ಶೇಕಡಾ 45, ಪ್ರಥಮ ಪಿಯು ಅಂಕಕ್ಕೆ 45, ದ್ವಿತೀಯ ಪಿಯು ಕಲಿಕೆಗೆ 10 ಎಂದು ಲೆಕ್ಕ ಹಾಕಿ ಅಂಕ ಕೊಟ್ಟರು. ಎಲ್ಲರೂ ಪಾಸು. 600ಕ್ಕೆ 600 ಬಂದವರೇ ಎರಡು ಸಾವಿರಕ್ಕೂ ಹೆಚ್ಚು ಮಂದಿ. ಪರೀಕ್ಷೆ ಬರೆಯದ ಮಕ್ಕಳ ಕೈಯಲ್ಲಿ ಹಾಲ್ ಟಿಕೆಟ್ ಇರಲಿಲ್ಲ, ಹಾಗಾಗಿ ತಮ್ಮ ರಿಜಿಸ್ಟರ್ ನಂಬರ್ ಯಾವುದು ಎಂದು ಮೊದಲು ಹುಡುಕಿ, ಆಮೇಲೆ ಫಲಿತಾಂಶ ನೋಡಬೇಕಾಯಿತು. ಅವತ್ತು ಸಂಜೆಯೊಳಗೆ ‘ಕೊರೋನಾ ಪಾಸ್’ ಎಂಬ ಜೋಕುಗಳು ಹೊರಟವು. ನಮ್ಮ ಗುಂಪಿಗೂ ಎರಡು ಬಂದವು. ಯಾರು ಹಾಕಿದರು ಎಂದು ಹೇಳುವುದಿಲ್ಲ, ಅವರಿಗೆ ಗೊತ್ತು. ದಯವಿಟ್ಟು ಇನ್ನು ಮುಂದೆ ಬೇಡ. ಸಮ್ಮಾವಾಚಾ ಕೇವಲ ಸುಳ್ಳು ಹೇಳದಿರುವುದಲ್ಲ.

ಪರೀಕ್ಷೆ ರದ್ದು ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಏಪ್ರಿಲ್, ಮೇ ತಿಂಗಳು ಹೇಗಿದ್ದವು ಎಂದು ಎಲ್ಲರಿಗೂ ನೆನಪಿದೆ. ನಾನು ನನ್ನ ಸಹೋದ್ಯೋಗಿಗಳನ್ನು ಕಳೆದುಕೊಂಡಿದ್ದೇನೆ. ಮಕ್ಕಳನ್ನು ಆ ಸ್ಥಿತಿಯಲ್ಲಿ ಕೊಠಡಿಗೆ ಕರೆಸಲು ಆಗುತ್ತಿರಲಿಲ್ಲ. ನಾನು ಹೇಳಬೇಕೆಂದಿರುವುದು ಬೇರೆ.

ಬುಧವಾರ ರಾತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವಳು, ಕಲಾ ವಿಭಾಗ. ಶೇಕಡಾ 64ರ ಆಸುಪಾಸು ಬಂದಿದೆ. ಕಂಗ್ರಾಜುಲೇಷನ್ಸ್ ಕಣಮ್ಮ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: “ಮೇಡಂ, ಇದು ನಂದಾ?”

ಅವಳ ಕಥೆ ಇಷ್ಟು. ಹತ್ತನೇ ತರಗತಿಯ ವರ್ಷ ಅವಳ ತಾಯಿಗೆ ಆಪರೇಷನ್ ಆಗಿತ್ತು. ಮನೆ, ಆಸ್ಪತ್ರೆ, ತಮ್ಮನ ಬುತ್ತಿ ಎಲ್ಲ ಇವಳ ಮೇಲೆ. 58 ಬಂತು. ಪ್ರಥಮ ಪಿಯುನಲ್ಲಿ 63. ದ್ವಿತೀಯ ಪಿಯುಗೆ ಬಂದಾಗ ಹಟ ಹಿಡಿದು ಓದಿದಳು. ಮನೆಗೆ ಒಂದೇ ಫೋನು, ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ರಾತ್ರಿ ಅವನು ಮಲಗಿದ ಮೇಲೆ ಪಾಠದ ವಿಡಿಯೋ ನೋಡುತ್ತಿದ್ದಳು. ಜನವರಿ 1ರಂದು ಕಾಲೇಜು ತೆರೆದಾಗ ಮೊದಲ ದಿನವೇ ಹೋದಳು, ಮತ್ತೆ ಮುಚ್ಚುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಅರ್ಥಶಾಸ್ತ್ರದ ನೋಟ್ಸನ್ನು ಮೂರು ಸಲ ಕೈಯಲ್ಲಿ ಬರೆದಿದ್ದಾಳೆ. ಆ ಓದಿಗೆಲ್ಲ ಸಿಕ್ಕ ಪಾಲು ನೂರರಲ್ಲಿ ಹತ್ತು. ಓದದೆ ಕೂತವರಿಗೂ ಅದೇ ಹತ್ತರ ಆಸುಪಾಸು. “ನಾನು ಓದಿದ್ದು ಎಲ್ಲೋಯ್ತು ಮೇಡಂ” ಎಂದು ಕೇಳಿದಳು. ಸೋದರಮಾವ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮಾತಾಡಿ ಇಟ್ಟಿದ್ದಾರೆ. ಎಲ್ಲರನ್ನೂ ಪಾಸ್ ಮಾಡಿದ್ದಾರೆ, ಇದಕ್ಕೆ ಯಾವ ಬೆಲೆ, ಮುಂದೆ ಓದಿ ಏನು ಮಾಡುತ್ತೀಯ ಎನ್ನುತ್ತಾರಂತೆ. ಅವಳಿಗೆ ಮೈಸೂರಿಗೆ ಹೋಗಿ ಬಿಎ ಮಾಡಬೇಕು, ಹಾಸ್ಟೆಲ್ ಸಿಗಬೇಕು. ಹಾಸ್ಟೆಲ್ ಪಟ್ಟಿಗೆ ಅಂಕ ಬೇಕು.

ಒಂದು ವಿಷಯ ಗಮನಿಸಿ. ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ ಈ ವರ್ಷ ಪಿಯು ಅಂಕ ಲೆಕ್ಕಕ್ಕಿಲ್ಲ, ಸಿಇಟಿ ಅಂಕ ಮಾತ್ರ. ಆಗಸ್ಟ್ ಕೊನೆಯಲ್ಲಿ ಅವರಿಗೆ ತಮ್ಮ ಓದನ್ನು ತೋರಿಸುವ ಒಂದು ಬಾಗಿಲು ತೆರೆದಿದೆ. ಬಿಎ, ಬಿಕಾಂ ಎನ್ನುವ ಮಕ್ಕಳಿಗೆ ಈ ಅಂಕಪಟ್ಟಿಯೇ ಎಲ್ಲ. ಯಾರ ಕೈಯಲ್ಲಿ ಬೇರೆ ಕಾಗದ ಇಲ್ಲವೋ ಅವರ ಕಾಗದದ ಮೇಲೆಯೇ ಜನ ಜೋಕು ಮಾಡಿದ್ದು.

ಅವಳ ಪ್ರಶ್ನೆ ಎರಡು ದಿನ ನನ್ನ ತಲೆಯಲ್ಲಿ ತಿರುಗುತ್ತಿತ್ತು. ‘ಇದು ನಂದಾ?’ ನಮ್ಮ ಅಧ್ಯಯನ ವರ್ಗದಲ್ಲಿ ‘ಮಿಲಿಂದ ಪ್ರಶ್ನೆ’ ಓದಿದವರಿಗೆ ಇದು ಹಳೆಯ ಪ್ರಶ್ನೆ. ಹುಟ್ಟಿದ ಮಗುವೂ ಬೆಳೆದ ಮನುಷ್ಯನೂ ಒಬ್ಬನೇ, ಬೇರೆ ಬೇರೆಯೇ ಎಂದು ಚರ್ಚೆ ಬಂದಾಗ ನಾಗಸೇನರು ರಾತ್ರಿಯಿಡೀ ಉರಿಯುವ ದೀಪವನ್ನು ತೋರಿಸುತ್ತಾರೆ. ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಹಾಗೆಂದು ಬೇರೆಯೂ ಅಲ್ಲ. ಈ ಅಂಕದ ಸೂತ್ರ ದೀಪದ ಮೊದಲ ಎರಡು ಜಾವ ನೋಡಿ ಮೂರನೆಯ ಜಾವದ ಬೆಳಕು ಇಷ್ಟೇ ಎಂದು ಬರೆದುಬಿಟ್ಟಿತು. ತಾಯಿಯ ಹಾಸಿಗೆ ಪಕ್ಕ ಕೂತಿದ್ದ ಹದಿನಾರರ ಹುಡುಗಿ, ಹದಿನೆಂಟರ ಹುಡುಗಿಗೆ ಅಂಕ ಹಾಕಿದಳು. ಅನಿಚ್ಚ ಎಂದರೆ ನಾವು ಸಾಮಾನ್ಯವಾಗಿ ಸಾವು, ಮುಪ್ಪು, ಒಣಗಿದ ಎಲೆ ಎಂದು ಯೋಚಿಸುತ್ತೇವೆ. ಒಬ್ಬ ಹುಡುಗಿ ಹೋದ ವರ್ಷಕ್ಕಿಂತ ಈ ವರ್ಷ ಚೆನ್ನಾಗಿ ಓದುವುದೂ ಅನಿಚ್ಚವೇ. ಬದಲಾವಣೆ ಇಲ್ಲದಿದ್ದರೆ ಶಾಲೆಗೇನು ಕೆಲಸ, ಧಮ್ಮಕ್ಕೇನು ಕೆಲಸ?

ಈಗ ಜೀವಕನ ಕಥೆಗೆ ಬರುತ್ತೇನೆ. ವಿನಯಪಿಟಕದ ಮಹಾವಗ್ಗದಲ್ಲಿದೆ. ರಾಜಗೃಹದಲ್ಲಿ ಕಸದ ಗುಡ್ಡೆಯ ಮೇಲೆ ಬಿಸಾಡಿದ್ದ ಕೂಸು. ಕಾಗೆಗಳು ಸುತ್ತುವರಿದಿದ್ದನ್ನು ಕಂಡು ಅಭಯ ರಾಜಕುಮಾರ, ಬದುಕಿದೆಯೇ ನೋಡಿ ಎಂದ. ಬದುಕಿದೆ ಎಂದರು. ಅದೇ ಅವನ ಹೆಸರಾಯಿತು. ಬೆಳೆದ ಮೇಲೆ, ಅರಮನೆಯಲ್ಲಿ ಯಾವ ವಿದ್ಯೆಯೂ ಇಲ್ಲದೆ ಬದುಕುವುದು ಸುಲಭವಲ್ಲ ಎಂದು ಅವನಿಗೇ ಅನ್ನಿಸಿ, ಸಾಕಿದವನಿಗೂ ಹೇಳದೆ ತಕ್ಕಸಿಲಾಕ್ಕೆ ಹೊರಟುಬಿಟ್ಟ. ಏಳು ವರ್ಷ ವೈದ್ಯ ಕಲಿತ. ಬೇಗ ಕಲಿಯುತ್ತಿದ್ದ, ಕಲಿತದ್ದನ್ನು ಮರೆಯುತ್ತಿರಲಿಲ್ಲ. ಆದರೂ ಮುಗಿಯುತ್ತದೆ ಎನ್ನುವ ಗುರುತೇ ಇಲ್ಲ. ಇದರ ಕೊನೆ ಎಲ್ಲಿದೆ ಎಂದು ಆಚಾರ್ಯನನ್ನು ಕೇಳಿದ.

ಆಚಾರ್ಯ ಪ್ರಶ್ನೆಪತ್ರಿಕೆ ಕೊಡಲಿಲ್ಲ. ಗುದ್ದಲಿ ತೆಗೆದುಕೊಂಡು ಹೋಗು, ತಕ್ಕಸಿಲಾದ ಸುತ್ತ ಒಂದು ಯೋಜನ ದೂರ ತಿರುಗು, ಔಷಧವಲ್ಲದ್ದು ಏನಾದರೂ ಕಂಡರೆ ತೆಗೆದುಕೊಂಡು ಬಾ ಎಂದ. ಜೀವಕ ತಿರುಗಿದ. ಒಂದೊಂದು ಗಿಡದ ಮುಂದೆಯೂ ನಿಂತಿರಬೇಕು. ಇದು ಜ್ವರಕ್ಕೆ, ಇದರ ಬೇರು ಗಾಯಕ್ಕೆ, ಈ ಮುಳ್ಳಿನದೂ ಯಾವುದೋ ಒಂದಕ್ಕೆ. ಬರಿಗೈಯಲ್ಲಿ ಹಿಂತಿರುಗಿ ಬಂದ. ಔಷಧವಲ್ಲದ್ದು ಏನೂ ಕಾಣಲಿಲ್ಲ ಎಂದ. ಹಾಗಾದರೆ ಕಲಿತಿದ್ದೀಯ, ಬದುಕಲು ಇಷ್ಟು ಸಾಕು ಎಂದು ಆಚಾರ್ಯ ಹೇಳಿ, ದಾರಿಖರ್ಚಿಗೆ ಸ್ವಲ್ಪ ಕೊಟ್ಟು ಕಳಿಸಿದ.

ನಾನು ಇಪ್ಪತ್ತು ವರ್ಷದಿಂದ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೇನೆ. ಇಂಥ ಒಂದು ಪ್ರಶ್ನೆ ತಯಾರಿಸಲು ಬಂದಿಲ್ಲ. ಹೋದ ಗುರುವಾರ ಎಸ್ಸೆಸ್ಸೆಲ್ಸಿ ಭಾಷಾ ಪರೀಕ್ಷೆಯ ಕೊಠಡಿಯಲ್ಲಿ ನಿಂತಿದ್ದೆ. ಒಂದು ಭಾಷೆಗೆ ನಲವತ್ತು ಪ್ರಶ್ನೆ, ಮಕ್ಕಳು ಮಾಸ್ಕ್ ಹಾಕಿಕೊಂಡು ಓಎಂಆರ್ ಹಾಳೆಯಲ್ಲಿ ಸೊನ್ನೆಗಳನ್ನು ಕಪ್ಪು ಮಾಡುತ್ತಿದ್ದರು. ಪ್ರಬಂಧವಿಲ್ಲ, ಪತ್ರವಿಲ್ಲ, ಭಾವಾರ್ಥವಿಲ್ಲ. ಈ ವರ್ಷಕ್ಕೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಕನ್ನಡ ಎಂ.ಎ. ಮಾಡಿದವರಿಗೆ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಗುತ್ತದೆ, ಅಷ್ಟೇ.

ಜೀವಕನ ಕಥೆಯನ್ನು ಬರಿಗೈಯಲ್ಲಿ ಬಂದ ಅಲ್ಲಿಗೇ ನಿಲ್ಲಿಸುವುದು ವಾಡಿಕೆ. ನನಗೆ ಮುಂದಿನ ಭಾಗವೇ ಹೆಚ್ಚು ಮುಖ್ಯ. ದಾರಿಖರ್ಚು ಸಾಕೇತಕ್ಕೆ ಬರುವಷ್ಟರಲ್ಲಿ ಮುಗಿಯಿತು. ಮುಂದಿನ ದಾರಿಯಲ್ಲಿ ನೀರೂ ಕಷ್ಟ, ಊಟವೂ ಕಷ್ಟ. ಊರಲ್ಲಿ ಯಾರಿಗೆ ಕಾಯಿಲೆ ಇದೆ ಎಂದು ವಿಚಾರಿಸಿದ. ಒಬ್ಬ ಸೆಟ್ಟಿಯ ಹೆಂಡತಿಗೆ ಏಳು ವರ್ಷದಿಂದ ತಲೆನೋವು. ದೊಡ್ಡ ದೊಡ್ಡ ವೈದ್ಯರು ಬಂದು ದುಡ್ಡು ತೆಗೆದುಕೊಂಡು ಹೋಗಿದ್ದರು. ಬಂದಿರುವವನು ಚಿಕ್ಕ ಹುಡುಗ ಎಂದು ಬಾಗಿಲು ಕಾಯುವವನು ಒಳಗೆ ಹೇಳಿದಾಗ ಅವಳು ಬೇಡ ಎಂದಳು. ಹುಡುಗ ಎಂಬುದೇ ಅವನ ಅನರ್ಹತೆ. ಆಗ ಜೀವಕ ಮತ್ತೆ ಹೇಳಿ ಕಳಿಸಿದ: ಮೊದಲು ಏನೂ ಕೊಡಬೇಡಿ, ಗುಣವಾದ ಮೇಲೆ ನಿಮಗೆ ತೋಚಿದ್ದು ಕೊಡಿ. ಔಷಧ ಹಾಕಿ ಕಾಸಿದ ತುಪ್ಪವನ್ನು ಮೂಗಿಗೆ ಬಿಟ್ಟ. ತುಪ್ಪ ಬಾಯಿಗೆ ಬಂತು. ಆಕೆ ಅದನ್ನು ಪಾತ್ರೆಗೆ ಉಗುಳಿ, ಹತ್ತಿಯಲ್ಲಿ ಎತ್ತಿಡು ಎಂದು ದಾಸಿಗೆ ಹೇಳಿದಳು. ಇಷ್ಟು ಜಿಪುಣಿ, ನನಗೇನು ಕೊಟ್ಟಾಳು ಎಂದು ಜೀವಕನ ಮುಖ ಬಾಡಿತು. ಅವಳು ಗಮನಿಸಿ ಕಾರಣ ಕೇಳಿದಳು. ಕೇಳಿ, ಸಂಸಾರಸ್ಥರಿಗೆ ಮಿತವ್ಯಯ ಗೊತ್ತಿರಬೇಕಪ್ಪ, ಈ ತುಪ್ಪ ಆಳುಗಳ ಕಾಲಿಗೆ ಹಚ್ಚಲು, ದೀಪಕ್ಕೆ ಆಗುತ್ತದೆ, ನಿನ್ನ ಸಂಭಾವನೆಗೆ ಮೋಸವಿಲ್ಲ ಎಂದಳು. ಗುಣವಾದ ಮೇಲೆ ಆಕೆಯಿಂದ ನಾಲ್ಕು ಸಾವಿರ, ಮಗ, ಸೊಸೆ, ಗಂಡ ಒಬ್ಬೊಬ್ಬರಿಂದ ನಾಲ್ಕು ನಾಲ್ಕು ಸಾವಿರ. ಆ ಹದಿನಾರು ಸಾವಿರವನ್ನೂ ಜೀವಕ ತೆಗೆದುಕೊಂಡು ಹೋಗಿ ಸಾಕಿದ ಅಭಯನ ಮುಂದೆ ಇಟ್ಟ. ಅಭಯ ಅದನ್ನು ಮುಟ್ಟಲಿಲ್ಲ, ನೀನೇ ಇಟ್ಟುಕೊ ಎಂದ.

ಆಚಾರ್ಯ ಉತ್ತೀರ್ಣ ಎಂದಿದ್ದ. ಆದರೆ ಸಾಕೇತದ ಬಾಗಿಲಲ್ಲಿ ಆ ಮಾತು ನಡೆಯಲಿಲ್ಲ. ಬಾಗಿಲು ತೆರೆಸಿದ್ದು ಅವನ ಕೈಯಲ್ಲಿದ್ದ ಕೆಲಸ. ನಮ್ಮ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ನೀನು ಮೂರು ಸಲ ಬರೆದ ಅರ್ಥಶಾಸ್ತ್ರ ಅಂಕಪಟ್ಟಿಯಲ್ಲಿ ಇಲ್ಲ, ನಿನ್ನಲ್ಲಿ ಇದೆ. ಬಿಎ ಮೊದಲ ಸೆಮಿಸ್ಟರಿನಲ್ಲಿ ಪಕ್ಕದವರು ತಡಕಾಡುವಾಗ ಅದು ಹೊರಗೆ ಬರುತ್ತದೆ. ಆದರೆ ಕಥೆ ಹೇಳಿ ಅವಳ ಬಾಯಿ ಮುಚ್ಚಿಸಲು ನನಗೆ ಮನಸ್ಸಿರಲಿಲ್ಲ. ಹಾಸ್ಟೆಲ್ ಪಟ್ಟಿ ಮಾಡುವವರು ಸಾಕೇತದ ಸೆಟ್ಟಿಯ ಹೆಂಡತಿಯಲ್ಲ, ಅವರು ಅಂಕ ನೋಡುತ್ತಾರೆ. ಈ ಫಲಿತಾಂಶ ಬೇಡ ಎನ್ನುವವರಿಗೆ ಆಗಸ್ಟಿನಲ್ಲಿ ಪರೀಕ್ಷೆ ಬರೆಯುವ ಅವಕಾಶವನ್ನು ಇಲಾಖೆ ಕೊಟ್ಟಿದೆ. ಅದರಲ್ಲಿ ಅಪಾಯವೂ ಇದೆ, ಕೈಯಲ್ಲಿರುವ 64ನ್ನು ಬಿಟ್ಟುಕೊಟ್ಟು ಕೂರಬೇಕು, ಮೂರನೇ ಅಲೆ ಎಂಬ ಮಾತೂ ಇದೆ. ಎರಡನ್ನೂ ಅವಳ ಮುಂದೆ ಇಟ್ಟೆ. ತೀರ್ಮಾನ ಅವಳದು.

ಒಂದನ್ನು ಮಾತ್ರ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಸಲ್ಲ ಸುತ್ತದ ಎರಡು ಬಾಣಗಳ ಉಪಮೆ ನಿಮಗೆಲ್ಲ ಗೊತ್ತು. ಸೂತ್ರ ಅವಳ ಒಂದು ವರ್ಷವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇದು ಮೊದಲ ಬಾಣ, ನಿಜವಾಗಿಯೂ ನೆಟ್ಟಿದೆ, ನೋವು ನಿಜ. ‘ಹಾಗಾದರೆ ನಾನು ಸುಳ್ಳು ಪಾಸು’ ಎಂಬುದು ಎರಡನೆಯದು. ಉಪಮೆಯಲ್ಲಿ ಎರಡನೆಯ ಬಾಣವನ್ನು ನಾವೇ ಚುಚ್ಚಿಕೊಳ್ಳುತ್ತೇವೆ. ಆದರೆ ಈ ಮಕ್ಕಳ ವಿಷಯದಲ್ಲಿ ಅದನ್ನು ಕೈಗೆ ಕೊಟ್ಟವರು ದೊಡ್ಡವರು: ಜೋಕು ಹಾಕಿದವರು, ಸೋದರಮಾವ, ಟಿವಿಯಲ್ಲಿ ನಕ್ಕವರು.

ಅಂಕದ ಮಾತು ಬಂದಿದ್ದಕ್ಕೆ ಇನ್ನೊಂದು. ಬಾಬಾಸಾಹೇಬರು 1907ರಲ್ಲಿ ಮುಂಬೈಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಧನಂಜಯ ಕೀರ್ ಬರೆದ ಜೀವನಚರಿತ್ರೆಯ ಪ್ರಕಾರ ಅವರಿಗೆ ಬಂದದ್ದು 750ಕ್ಕೆ 282. ಲೆಕ್ಕ ಹಾಕಿ ನೋಡಿ, ಶೇಕಡಾ 38 ಕೂಡ ಇಲ್ಲ. ಆ ಅಂಕ ಬಂದ ಮನೆ ಹೇಗಿತ್ತು ಎಂಬುದೂ ಅಲ್ಲೇ ಇದೆ. ಪರೇಲದ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಸೌದೆ, ಬೀಸುವ ಕಲ್ಲು, ಒಂದು ಆಡು ಎಲ್ಲ ಅಲ್ಲೇ. ಮಗ ಮೊದಲು ಮಲಗುವುದು, ತಂದೆ ರಾಮ್‌ಜಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಅವನನ್ನು ಎಬ್ಬಿಸಿ ಓದಲು ಕೂರಿಸಿ ತಾವು ಮಲಗುವುದು. ಮನೆಗೆ ಒಂದೇ ಫೋನು, ತಮ್ಮ ಮಲಗಿದ ಮೇಲೆ ಅಕ್ಕನ ಸರದಿ ಎಂದು ಕೇಳಿದಾಗ ನನಗೆ ಆ ಎರಡು ಗಂಟೆಯೇ ಕಣ್ಮುಂದೆ ಬಂತು.

282 ಎಂದು ಆವತ್ತು ಯಾರೂ ನಗಲಿಲ್ಲ. ಅಸ್ಪೃಶ್ಯ ಹುಡುಗ ಮೆಟ್ರಿಕ್ ಮುಗಿಸಿದ್ದೇ ದೊಡ್ಡದು ಎಂದು ಸಮುದಾಯದವರು ಸಭೆ ಮಾಡಿದರು. ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಶಿಕ್ಷಕರು, ಉದ್ಯಾನದಲ್ಲಿ ಕೂತು ಓದುತ್ತಿದ್ದ ಈ ಹುಡುಗನನ್ನು ಮೊದಲೇ ಗುರುತಿಸಿದ್ದವರು, ತಾವು ಮರಾಠಿಯಲ್ಲಿ ಬರೆದ ಗೌತಮ ಬುದ್ಧನ ಚರಿತ್ರೆಯನ್ನು ಆ ಸಭೆಯಲ್ಲಿ ಅವನಿಗೆ ಕೊಟ್ಟರು. ಆ ಹುಡುಗ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಏನು ಮಾಡಿದರು ಎಂದು ಈ ಗುಂಪಿನವರಿಗೆ ಹೇಳಬೇಕಾಗಿಲ್ಲ. ಕೇಳುಸ್ಕರ್ ಪುಸ್ತಕ ಕೊಟ್ಟು ಸುಮ್ಮನಾಗಲಿಲ್ಲ. ಇಂಟರ್‌ಮೀಡಿಯಟ್ ಆದ ಮೇಲೆ ಮನೆಯಲ್ಲಿ ದುಡ್ಡಿಲ್ಲದಾಗ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ತಿರ ಮಾತಾಡಿ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಡಿಸಿದರು. ಅದರಿಂದ ಬಿಎ ಮುಗಿಯಿತು. ನನ್ನಂಥ ಮೇಷ್ಟ್ರುಗಳಿಗೆ ಈ ಇಪ್ಪತ್ತೈದು ರೂಪಾಯಿ, ಪುಸ್ತಕದಷ್ಟೇ ದೊಡ್ಡದಾಗಿ ಕಾಣಬೇಕು.

ಆದ್ದರಿಂದ ಇವತ್ತಿನ ಚಿಂತನೆಯನ್ನು ಓದಿ ಮುಂದಕ್ಕೆ ಕಳಿಸುವುದರ ಜೊತೆಗೆ ಒಂದು ಕೆಲಸ ಇದೆ. ನಿಮ್ಮ ಬೀದಿಯಲ್ಲಿ ಈ ವರ್ಷ ಪಿಯು ಮುಗಿಸಿದ ಮಕ್ಕಳು ಯಾರು ಎಂದು ವಿಚಾರಿಸಿ, ಮಾಸ್ಕ್ ಹಾಕಿಕೊಂಡು ಅವರ ಮನೆ ಬಾಗಿಲಿಗೆ ಹೋಗಿ. ಮೊದಲು ಅಭಿನಂದನೆ ಹೇಳಿ. ಎಷ್ಟು ಬಂತು ಎಂದು ಕೇಳಬೇಡಿ, ಏನು ಓದಿದೆ ಎಂದು ಕೇಳಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಜೊತೆಯಲ್ಲಿ ಹೋಗಿ. ವಿದ್ಯಾರ್ಥಿವೇತನದ ಅರ್ಜಿ ಎಷ್ಟೋ ಮಕ್ಕಳದ್ದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೇ ನಿಂತಿರುತ್ತದೆ, ಅದನ್ನು ನೋಡಿ. ಸೈಬರ್ ಸೆಂಟರಿನ ನೂರು ರೂಪಾಯಿ ಇಲ್ಲದೆ ಅರ್ಜಿ ಹಾಕದ ಮಕ್ಕಳಿದ್ದಾರೆ. ಸೋದರಮಾವಂದಿರು ಇದ್ದರೆ ಅವರ ಹತ್ತಿರವೂ ಕೂತು ಮಾತಾಡಿ. ಅವರು ಕೆಟ್ಟವರಲ್ಲ, ಒಂದೂವರೆ ವರ್ಷದ ಸಾಲ ಅವರ ಬಾಯಲ್ಲಿ ಮಾತಾಡುತ್ತಿದೆ. ಫ್ಯಾಕ್ಟರಿಗೆ ಕಳಿಸಲೇಬೇಕಾದ ಮನೆಯೂ ಇರಬಹುದು. ಅಂಥ ಮಕ್ಕಳಿಗೆ ಮುಕ್ತ ವಿಶ್ವವಿದ್ಯಾನಿಲಯದ ದಾರಿ ಇದೆ ಎಂದು ತಿಳಿಸಿ.

ಇವತ್ತು ಸಂಜೆ ಏಳು ಗಂಟೆಗೆ ಎಂದಿನಂತೆ ಆನ್‌ಲೈನಿನಲ್ಲಿ ತಿಸರಣ, ಪಂಚಸೀಲ. ಆಷಾಢ ಪೂರ್ಣಿಮೆಯ ವಿಶೇಷವಾಗಿ ಧಮ್ಮಚಕ್ಕಪ್ಪವತ್ತನ ಸುತ್ತದ ಪಠಣ. ಅದಾದ ಮೇಲೆ ಅರ್ಧ ಗಂಟೆ ಈ ಮಕ್ಕಳಿಗೆ. ಮನೆಯಲ್ಲಿ ಪಿಯು ಮುಗಿಸಿದವರಿದ್ದರೆ ಫೋನ್ ಅವರ ಕೈಗೆ ಕೊಡಿ, ದೊಡ್ಡವರು ಮೈಕ್ ಆಫ್ ಮಾಡಿ ಕೂರಿ. ಕಾಲೇಜು, ಹಾಸ್ಟೆಲ್ ಅರ್ಜಿಯ ಬಗ್ಗೆ ಗೊತ್ತಿರುವ ಇಬ್ಬರು ಪದವಿ ಕಾಲೇಜು ಉಪನ್ಯಾಸಕರು ನಮ್ಮ ಗುಂಪಿನಲ್ಲೇ ಇದ್ದಾರೆ, ಬರಲು ಒಪ್ಪಿದ್ದಾರೆ. ಲಿಂಕ್ ಆರೂವರೆಗೆ ಹಾಕುತ್ತೇನೆ. ನೆಟ್‌ವರ್ಕ್ ಸಿಗದ ಊರಿನವರು ಪ್ರಶ್ನೆಯನ್ನು ವಾಯ್ಸ್ ಮೆಸೇಜ್ ಮಾಡಿ ಈಗಲೇ ಕಳಿಸಬಹುದು.

*ಭವತು ಸಬ್ಬ ಮಂಗಲಂ*
ಸಾಧು ಸಾಧು ಸಾಧು 🙏